ನಾವು ಓದಿದ್ದು ಉಕ್ಕು, ವಿಮಾನದಲ್ಲಿರೋದು ಕಾರ್ಬನ್ ಫೈಬರ್!

ಪ್ರಶ್ನೆ: ನಾನು ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದೇನೆ. ವಿಮಾನದ ಕ್ಷೇತ್ರಕ್ಕೆ ಹೋಗುವ ಆಸೆ. ಕಾಲೇಜಿನಲ್ಲಿ ಲೆಕ್ಕಗಳೆಲ್ಲ ಉಕ್ಕು, ಅಲ್ಯೂಮಿನಿಯಂ ಮೇಲೆಯೇ. ಅಲ್ಲಿ ನೋಡಿದರೆ ಈಗ ಕಾರ್ಬನ್ ಫೈಬರ್‌ನಂಥ ಎಳೆಗಳನ್ನು ಅಂಟಿನಲ್ಲಿ ಕೂಡಿಸಿ ಮಾಡಿದ ಕಾಂಪೊಸಿಟ್‌ನದ್ದೇ ಕಾರುಬಾರು ಅಂತಾರೆ. ನಾನು ಓದಿದ್ದು ದಂಡವಾ ಸರ್?
– ಓದುಗ, ದಾವಣಗೆರೆ

ಉತ್ತರ: ದಂಡ ಅಲ್ಲ, ಆದರೆ ಅಷ್ಟೇ ಸಾಲದು. 2011ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 787ರ ತೂಕದಲ್ಲಿ ಸುಮಾರು ಅರ್ಧ ಕಾಂಪೊಸಿಟ್. ನಮ್ಮ ತೇಜಸ್ ಯುದ್ಧವಿಮಾನದ ಏರ್‌ಫ್ರೇಮ್ (ಎಂಜಿನ್ ಬಿಟ್ಟು ವಿಮಾನದ ದೇಹ) ತೂಕದಲ್ಲಿ ಸುಮಾರು 45% ಅದೇ. ಆ ಕೆಲಸದಲ್ಲಿ ಬೆಂಗಳೂರಿನ ಎನ್‌ಎಎಲ್‌ನ (ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್) ಪಾಲು ದೊಡ್ಡದು.

ಅಲ್ಯೂಮಿನಿಯಂ ಹಾಳೆಯನ್ನು ಯಾವ ಕಡೆಗೆ ಎಳೆದರೂ ಬಲ ಹೆಚ್ಚುಕಡಿಮೆ ಒಂದೇ. ಕಾರ್ಬನ್ ಫೈಬರ್ ಹಾಗಲ್ಲ. ಬಿದಿರಿನ ಹಾಗೆ, ಎಳೆಯ ಉದ್ದಕ್ಕೆ ಗಟ್ಟಿ, ಅಡ್ಡಕ್ಕೆ ಎಳೆದರೆ ಸೀಳುತ್ತದೆ. ಅದಕ್ಕೇ ಪದರಗಳನ್ನು 0, 45, 90 ಡಿಗ್ರಿಯಲ್ಲಿ ಜೋಡಿಸುತ್ತಾರೆ. ಯಾವ ದಿಕ್ಕಿಗೆ ಎಷ್ಟು ಪದರ ಅನ್ನೋದನ್ನು ಡಿಸೈನರೇ ತೀರ್ಮಾನಿಸಬೇಕು. ಅಂದರೆ ಭಾಗದ ಜೊತೆ ವಸ್ತುವನ್ನೂ ನೀವೇ ಡಿಸೈನ್ ಮಾಡುತ್ತೀರಿ. ಆಮೇಲೆ ಅದನ್ನು ಆಟೋಕ್ಲೇವ್ ಎಂಬ ದೊಡ್ಡ ಪ್ರೆಶರ್ ಕುಕ್ಕರ್‌ನಂಥ ಯಂತ್ರದಲ್ಲಿ ಒತ್ತಡ, ಬಿಸಿ ಕೊಟ್ಟು ಗಟ್ಟಿ ಮಾಡುವಾಗ ನಡುವೆ ಗಾಳಿ ಉಳಿದರೆ, ಡ್ರಾಯಿಂಗ್ ಎಷ್ಟೇ ಸರಿ ಇದ್ದರೂ ಬಲ ಕುಸಿಯುತ್ತದೆ. ಶಾಪ್ ಫ್ಲೋರ್ ಗೊತ್ತಿಲ್ಲದ ಡಿಸೈನರ್ ಇಲ್ಲಿ ನಡೆಯೋದಿಲ್ಲ. ನಮ್ಮ ಕಾಲೇಜುಗಳಲ್ಲಿ ಡಿಸೈನ್ ಒಂದು ಪೇಪರ್, ತಯಾರಿಕೆ ಇನ್ನೊಂದು ಪೇಪರ್. ನನ್ನ ದೊಡ್ಡ ತಕರಾರು ಅದೇ.

ತಪಾಸಣೆಯೂ ಬೇರೆ. ಕೈತಪ್ಪಿ ಸ್ಪ್ಯಾನರ್ ಬಿದ್ದರೆ ಅಲ್ಯೂಮಿನಿಯಂ ತಗ್ಗು ಬಿದ್ದು ತೋರಿಸಿಕೊಡುತ್ತದೆ. ಕಾಂಪೊಸಿಟ್ ಹೊರಗೆ ಚೆನ್ನಾಗೇ ಕಂಡು, ಒಳಗೆ ಪದರ ಬಿಟ್ಟುಕೊಂಡಿರಬಹುದು. ಅದಕ್ಕೇ ಶಬ್ದದ ಅಲೆ ಕಳಿಸಿ ಒಳಗನ್ನು ನೋಡುವ ಅಲ್ಟ್ರಾಸಾನಿಕ್ ಪರೀಕ್ಷೆ.

ಹಳೇ ಪಾಠ ಬೇಕಾಗುವುದು ಹೀಗೆ: ಕಾರ್ಬನ್ ಮತ್ತು ಅಲ್ಯೂಮಿನಿಯಂ ತಾಗಿಕೊಂಡಿದ್ದು ತೇವ ಸಿಕ್ಕರೆ ಅಲ್ಯೂಮಿನಿಯಂ ಸವೆಯುತ್ತದೆ. ಕೆಮಿಸ್ಟ್ರಿಯಲ್ಲಿ ಓದಿದ ಗ್ಯಾಲ್ವಾನಿಕ್ ಕರೋಷನ್, ಅಲ್ವಾ? ಇಂಥ ಕಡೆ ಟೈಟಾನಿಯಂ ಬೋಲ್ಟ್ ಹಾಕೋದು ಅದಕ್ಕೇ.

ಸಾಫ್ಟ್‌ವೇರ್ ಸರ್ಟಿಫಿಕೇಟ್ ಹಿಂದೆ ಸುಮ್ನೆ ಓಡಬೇಡಿ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಇನ್ನೊಮ್ಮೆ ಗಟ್ಟಿಯಾಗಿ ಓದಿ. ಆಮೇಲೆ ನೇಯ್ದ ಗ್ಲಾಸ್ ಫೈಬರ್ ಬಟ್ಟೆ, ಎಪಾಕ್ಸಿ ಅಂಟು ತಂದು ಲ್ಯಾಬ್‌ನಲ್ಲಿ ಒಂದು ಹಲಗೆ ಮಾಡಿ. ಎಳೆಯ ನೇರಕ್ಕೊಂದು, 45 ಡಿಗ್ರಿಗೊಂದು ಪಟ್ಟಿ ಕತ್ತರಿಸಿ ಎಳೆದು ನೋಡಿ. ಎರಡನೆಯದು ಜಾಸ್ತಿ ಹಿಗ್ಗುತ್ತದೆ. ಎಪಾಕ್ಸಿ ಮುಟ್ಟುವಾಗ ಗ್ಲೌಸ್ ಇರಲಿ. ಕತ್ತರಿಸುವಾಗ ಮಾಸ್ಕ್ ಬೇಕೇ ಬೇಕು, ಗಾಜಿನ ಪುಡಿ ಏಳುತ್ತದೆ.