‘ಮೆಲ್ಲಗೆ’ ಎಂಬ ಪದವನ್ನು ಯಾವಾಗ ಹೊಡೆದುಹಾಕಬೇಕು?

ಕತೆಯಲ್ಲಿ ಕ್ರಿಯಾವಿಶೇಷಣಗಳೇ, ಅಂದರೆ ಕೆಲಸ ಹೇಗೆ ನಡೆಯಿತೆಂದು ಹೇಳುವ ಪದಗಳೇ, ಇರಬಾರದು ಅಂತಾರಲ್ಲ, ಕನ್ನಡಕ್ಕೂ ಅದು ಸರಿಯೇ ಎಂದು ಕೇಳಿದ್ದೀರಿ. ಆ ಮಾತನ್ನು ನಂಬಿ ನಾನೊಮ್ಮೆ ಒಂದು ಇಡೀ ಕತೆಯಿಂದ ಅವನ್ನೆಲ್ಲ ಕಿತ್ತುಹಾಕಿದ್ದೆ. ಕತೆ ಬಿಳಿಚಿಕೊಂಡಿತು. ಮತ್ತೆ ಒಂದೊಂದಾಗಿ ವಾಪಸು ಸೇರಿಸುವಾಗ ಯಾವುದು ಬೇಕು, ಯಾವುದು ಬೇಡ ಎಂಬುದು ತಿಳಿಯಿತು.

ಆ ಸಲಹೆ ಇಂಗ್ಲಿಷಿನ ಕಡೆಯಿಂದ ಬಂದದ್ದು. ಅಲ್ಲಿ ‘ಲಿ’ (-ly) ಎಂದು ಮುಗಿಯುವ ಪದಗಳನ್ನು ಹುಡುಕಿ ಅಳಿಸಿದರೆ ಮುಕ್ಕಾಲು ಕೆಲಸ ಮುಗಿಯುತ್ತದೆ. ನಮ್ಮಲ್ಲಿ ಹಾಗೆ ಒಂದೇ ಬಾಲವಿಲ್ಲ. ಗಂಭೀರವಾಗಿ, ಕೋಪದಿಂದ, ದಢಾರನೆ, ಮೆಲ್ಲಗೆ, ಓಡೋಡಿ, ತಲೆ ಎತ್ತದೆ: ಎಲ್ಲವೂ ಕೆಲಸ ಹೇಗೆ ನಡೆಯಿತೆಂದೇ ಹೇಳುತ್ತವೆ, ಆದರೆ ಎಲ್ಲದರ ತೂಕ ಒಂದೇ ಅಲ್ಲ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ತನ್ನ ಕನ್ನಡ ವ್ಯಾಕರಣ ‘ಶಬ್ದಮಣಿದರ್ಪಣ’ದಲ್ಲಿ ಅವ್ಯಯಕ್ಕೆಂದೇ, ಅಂದರೆ ಲಿಂಗ, ವಚನ, ವಿಭಕ್ತಿಗೆ ತಕ್ಕಂತೆ ರೂಪ ಬದಲಿಸದ ಇಂಥ ಪದಗಳಿಗೆಂದೇ, ಒಂದು ಪ್ರಕರಣ ಇಟ್ಟ. ಅಂಥ ಭಾಷೆಯಲ್ಲಿ ಬರೆಯುವವರು ಕಣ್ಣುಮುಚ್ಚಿ ಕತ್ತರಿ ಆಡಿಸಬಾರದು.

ನಾನು ಮೊದಲು ಅನುಮಾನಿಸುವುದು ಭಾವದ ಹೆಸರಿಗೆ ‘ವಾಗಿ’, ‘ಇಂದ’ ಅಂಟಿಸಿದ ಪದಗಳನ್ನು. “ನೀನು ಇಲ್ಲಿಂದ ಹೋಗು ಎಂದು ಕೋಪದಿಂದ ಹೇಳಿದಳು.” ಇಲ್ಲಿ ಕೋಪವನ್ನು ಹೊರಬೇಕಾದದ್ದು ಅವಳ ಮಾತು. “ಹೋಗ್ ಅತ್ಲಾಗೆ” ಅಂದಿದ್ದರೆ ‘ಕೋಪದಿಂದ’ ತಾನೇ ಉದುರಿಹೋಗುತ್ತಿತ್ತು.

ಈಗ ಬಾಗಿಲು ನೋಡಿ. ಗಂಡಹೆಂಡಿರ ಜಗಳವಾಗಿದೆ. “ಬಾಗಿಲನ್ನು ದಢಾರನೆ ಹಾಕಿಕೊಂಡಳು” ಎಂದು ಬರೆದರೆ ಸದ್ದು ಕೇಳಿಸುತ್ತದೆ, ಆದರೆ ಜಗಳದ ಮೇಲೆ ಆ ಸದ್ದನ್ನು ಓದುಗರು ಮೊದಲೇ ನಿರೀಕ್ಷಿಸಿರುತ್ತಾರೆ. “ಬಾಗಿಲನ್ನು ಮೆಲ್ಲಗೆ ಹಾಕಿಕೊಂಡಳು” ಎಂದು ಬರೆಯಿರಿ. ಎದೆ ಝಲ್ಲೆನ್ನುತ್ತದೆ. ಇವಳು ಏನೋ ತೀರ್ಮಾನ ಮಾಡಿದ್ದಾಳೆ, ಒಳಗೆ ಮಗು ಮಲಗಿದೆ, ಅಥವಾ ಇನ್ನು ಕೂಗಾಡುವ ಶಕ್ತಿಯೂ ಅವಳಿಗಿಲ್ಲ. ಆ ‘ಮೆಲ್ಲಗೆ’ಯನ್ನು ತೆಗೆದರೆ ಕತೆಯೇ ಹೋಯಿತು. ಅದೇ ಪದ “ಮೆಲ್ಲಗೆ ಪಿಸುಗುಟ್ಟಿದಳು” ಎಂಬಲ್ಲಿ ದಂಡ, ಏಕೆಂದರೆ ಜೋರಾಗಿ ಯಾರೂ ಪಿಸುಗುಟ್ಟುವುದಿಲ್ಲ. ಕ್ರಿಯಾಪದ ಆಗಲೇ ಹೇಳಿದ್ದನ್ನು ಮತ್ತೆ ಹೇಳಿದರೆ ಹೊಡೆದುಹಾಕಿ, ಅದಕ್ಕೆ ಎದುರು ನಿಂತರೆ ಉಳಿಸಿಕೊಳ್ಳಿ.

ದಢಾರನೆಯಂಥ ಅನುಕರಣಾವ್ಯಯಗಳು, ಅಂದರೆ ಸದ್ದನ್ನು ಅನುಕರಿಸುವ ಪದಗಳು, ನಮ್ಮ ಆಸ್ತಿ, ನಿಜ. ಆದರೆ ಗಳಗಳನೆ ಅಳುವುದು, ಪಕಪಕನೆ ನಗುವುದು, ಕಣ್ಣು ಪಿಳಿಪಿಳಿ ಬಿಡುವುದು ಸವೆದು ಸವೆದು ಜೋಡಿಪದಗಳೇ ಆಗಿಬಿಟ್ಟಿವೆ. ಓದುವ ಕಣ್ಣು ಅಲ್ಲಿ ನಿಲ್ಲುವುದಿಲ್ಲ. ನಿಮ್ಮ ಮನೆಯ ಹಿತ್ತಲಲ್ಲಿ, ಅಡುಗೆಮನೆಯಲ್ಲಿ ನೀವೇ ಕೇಳಿದ ಸದ್ದನ್ನು ಬರೆಯಿರಿ.

ಇನ್ನೊಂದು ಅನುಕೂಲ ನಮಗಿದೆ. ಹೇಳಿದ, ಹೇಳಿಬಿಟ್ಟ, ಹೇಳಿಕೊಂಡ. ‘ಹಿಂದುಮುಂದು ನೋಡದೆ’ ಎಂಬ ಅರ್ಥದ ಬಹುಪಾಲನ್ನು ಆ ‘ಬಿಟ್ಟ’ ಒಂದೇ ಹೊರುತ್ತದೆ. ‘ಕೊಂಡ’ ಬಂದರೆ ಎದೆಯ ಭಾರ ಇಳಿದ ಹಾಗೆ. ಕ್ರಿಯಾವಿಶೇಷಣ ಹುಡುಕುವ ಮೊದಲು ಕ್ರಿಯಾಪದದ ಈ ಬಾಲವನ್ನೊಮ್ಮೆ ಬದಲಿಸಿ ನೋಡಿ. ನಾನು ತಿದ್ದುವಾಗ ಅತಿ ಹೆಚ್ಚು ಕೈಯಾಡಿಸುವುದು ಇಲ್ಲೇ.

ಸಂಭಾಷಣೆಯ ಒಳಗಿನ ಕ್ರಿಯಾವಿಶೇಷಣಗಳನ್ನಂತೂ ಮುಟ್ಟಲೇಬೇಡಿ. “ಲಗೂನ ಬಾ” ಅಂದವಳು ಧಾರವಾಡದ ಕಡೆಯವಳು, “ಬಿರ್‍ನೆ ಬಾ” ಅಂದವಳು ಮೈಸೂರು ಸೀಮೆಯ ಹಳ್ಳಿಯವಳು. ಇಬ್ಬರನ್ನೂ “ಬೇಗ ಬಾ” ಎಂದು ತಿದ್ದಿದರೆ ಇಬ್ಬರ ಊರೂ ಅಳಿಸಿಹೋಗುತ್ತದೆ.