ಗ್ರೆಂಡಲ್‌ನ ತಾಯಿ ರಾಕ್ಷಸಿಯೋ, ಹೆಂಗಸೋ?

ಪ್ರಶ್ನೆ: ಹಳೆಯ ಇಂಗ್ಲಿಷ್ ಕಾವ್ಯ ‘ಬೇವುಲ್ಫ್’ ಅನುವಾದದಲ್ಲಿ ಓದಿದೆ. ಅದರಲ್ಲಿ ರಾತ್ರಿ ಅರಮನೆಗೆ ನುಗ್ಗಿ ಜನರನ್ನು ಕೊಲ್ಲುವ ರಾಕ್ಷಸ ಗ್ರೆಂಡಲ್‌ನ ತಾಯಿಗೆ ಒಂದು ಹೆಸರೂ ಇಲ್ಲ. ಚಿತ್ರಗಳಲ್ಲಿ ನೋಡಿದರೆ ಕೋರೆಹಲ್ಲಿನ ಭೂತದ ಹಾಗಿದ್ದಾಳೆ. ಕಾವ್ಯಕ್ಕೆ ಅವಳು ಹೆಂಗಸೋ, ರಾಕ್ಷಸಿಯೋ?

ಉತ್ತರ: ಎರಡೂ ಹೌದು. ಆದರೆ ಆ ಕೋರೆಹಲ್ಲು ಚಿತ್ರ ಬರೆದವರು ಕೊಟ್ಟಿದ್ದು. 3182 ಸಾಲಿನ ಕಾವ್ಯದಲ್ಲಿ ಅವಳ ಮೈಯ ವರ್ಣನೆ ತೀರಾ ಕಡಿಮೆ. ಜೌಗು ನೆಲದಲ್ಲಿ ತಿರುಗುವ ಇಬ್ಬರನ್ನು ಜನ ಕಂಡಿದ್ದಾರೆ, ಒಬ್ಬರದು ಹೆಂಗಸಿನ ಆಕಾರ ಎಂದು ದೊರೆ ಹ್ರೋತ್‌ಗಾರ್ ಹೇಳುತ್ತಾನೆ, ಅಷ್ಟೇ.

ಹಾಗಾದರೆ ಅವಳನ್ನು ರಾಕ್ಷಸಿ ಮಾಡಿದ್ದು ಏನು? ನನ್ನ ಮಟ್ಟಿಗೆ, ಅವಳು ಅಳುತ್ತಾ ಕೂರಲಿಲ್ಲ ಅನ್ನುವುದೇ ದೊಡ್ಡ ಕಾರಣ. ಬೇವುಲ್ಫ್ ಎಂಬ ವೀರ ತೋಳು ಕಿತ್ತಿದ್ದರಿಂದ ಮಗ ಸತ್ತ. ಆ ತೋಳನ್ನು ಅರಮನೆಯಲ್ಲಿ ಎಲ್ಲರಿಗೂ ಕಾಣುವಂತೆ ಇಟ್ಟರು. ಮಾರನೇ ರಾತ್ರಿ ಬಂದ ತಾಯಿ ದೊರೆಯ ಆಪ್ತನೊಬ್ಬನನ್ನು ಹೊತ್ತೊಯ್ದು ಕೊಂದಳು, ಮಗನ ತೋಳನ್ನೂ ತೆಗೆದುಕೊಂಡು ಹೋದಳು. ಒಂದು ಜೀವಕ್ಕೆ ಒಂದು ಜೀವ. ಅದಾದ ಮೇಲೆ ಬೇವುಲ್ಫ್ ದೊರೆಗೆ ಏನು ಹೇಳುತ್ತಾನೆ ಗೊತ್ತಾ? ಗೆಳೆಯನಿಗಾಗಿ ಬಹಳ ಅಳುವುದಕ್ಕಿಂತ ಸೇಡು ತೀರಿಸಿಕೊಳ್ಳುವುದೇ ಮೇಲು ಅಂತ! ಅವಳು ಮಾಡಿದ್ದೂ ಅದನ್ನೇ ಅಲ್ವಾ?

ಇದಕ್ಕೆ ಸ್ವಲ್ಪ ಮುಂಚೆ ಆಸ್ಥಾನದ ಕವಿ ಹಿಲ್ಡೆಬುರ್ಗ್ ಎಂಬ ರಾಣಿಯ ಕಥೆ ಹಾಡುತ್ತಾನೆ. ಅವಳ ಮಗ, ಅಣ್ಣ ಇಬ್ಬರೂ ಕಾಳಗದಲ್ಲಿ ಸಾಯುತ್ತಾರೆ. ಇಬ್ಬರನ್ನೂ ಒಂದೇ ಚಿತೆಯ ಮೇಲೆ ಇಡಿಸಿ ಅವಳು ಗೋಳಾಡುತ್ತಾಳೆ. ಹೆಂಗಸಿಗೆ ಒಪ್ಪಿದ ದುಃಖ ಅದು.

ಬೇವುಲ್ಫ್ ಗ್ರೆಂಡಲ್‌ನ ತಾಯಿಯೊಡನೆ ಮಾಡುವ ಕಾಳಗದ ಭಾಗವನ್ನು ನಿಧಾನವಾಗಿ ಓದಿ. ಹೆಂಗಸಾದ್ದರಿಂದ ಅವಳು ಹುಟ್ಟಿಸುವ ಭಯ ಕಡಿಮೆ ಎಂದು ಕವಿ ಮೊದಲೇ ಹೇಳುತ್ತಾನೆ. ಆದರೆ ಮಗನನ್ನು ಬರಿಗೈಯಲ್ಲಿ ಸೋಲಿಸಿದ ವೀರನಿಗೆ ತಾಯಿಯ ಮುಂದೆ ಹ್ರುಂಟಿಂಗ್ ಎಂಬ ಹೆಸರಾಂತ ಕತ್ತಿಯೂ ಕೆಲಸಕ್ಕೆ ಬರುವುದಿಲ್ಲ. ಅವಳು ಅವನನ್ನು ಕೆಡವಿ, ಮೇಲೆ ಕೂತು, ಚೂರಿ ಎಳೆಯುತ್ತಾಳೆ. ಮೈಮೇಲಿನ ಉಕ್ಕಿನ ಬಳೆಗಳ ಅಂಗಿ ಇಲ್ಲದಿದ್ದರೆ ಅವನ ಕಥೆ ಅಲ್ಲೇ ಮುಗಿಯುತ್ತಿತ್ತು. ಕೊನೆಗೆ ಅವಳ ಮನೆಯಲ್ಲೇ ಸಿಕ್ಕ ದೈತ್ಯರ ಕತ್ತಿಯಿಂದ ಅವಳ ಕುತ್ತಿಗೆ ಕಡಿಯುತ್ತಾನೆ. ಕವಿಯ ಮಾತಿಗೂ ಕಥೆಗೂ ತಾಳೆ ಆಗದ ಈ ಜಾಗ ನನಗೆ ಬಹಳ ಇಷ್ಟ.

ಕತ್ತಿ ಹಿಡಿದ ಹೆಂಗಸರೆಲ್ಲ ರಾಕ್ಷಸಿಯರು ಅಂತಲೂ ಅಲ್ಲ. ‘ಬೇವುಲ್ಫ್’ ಇರುವ, 1000ನೇ ಇಸವಿಯ ಆಸುಪಾಸಿನ ಅದೇ ಹಸ್ತಪ್ರತಿಯಲ್ಲಿ ‘ಜೂಡಿತ್’ ಎಂಬ ಇನ್ನೊಂದು ಕಾವ್ಯ ಇದೆ. ಜೂಡಿತ್ ಕುಡಿದು ಬಿದ್ದ ಶತ್ರು ಸೇನಾಪತಿಯ ತಲೆ ಕಡಿದು, ಊಟದ ಚೀಲದಲ್ಲಿ ಊರಿಗೆ ತರುತ್ತಾಳೆ. ಊರೇ ಸಂಭ್ರಮಿಸುತ್ತದೆ. ಅವಳು ಕಡಿದದ್ದು ದೇವರಿಗಾಗಿ, ತನ್ನ ಜನಕ್ಕಾಗಿ. ಗ್ರೆಂಡಲ್‌ನ ತಾಯಿಯದು ಮಗನಿಗಾಗಿ. ‘ಜೂಡಿತ್’ ಉಳಿದಿರುವುದು ಸುಮಾರು 350 ಸಾಲು ಮಾತ್ರ. ಅನುವಾದ ಸಿಕ್ಕರೆ ಎರಡನ್ನೂ ಜೊತೆಗಿಟ್ಟು ಓದಿ.