ಸೌತ್‌ಪೋರ್ಟ್ ಕೊಲೆಗಾರನಿಗೆ 52 ವರ್ಷ ಶಿಕ್ಷೆಯಾದರೂ ಜನರಿಗೆ ಸಮಾಧಾನ ಆಗಲಿಲ್ಲ, ಯಾಕೆ?

ಮುಖ್ಯ ಕಾರಣ ಅವನ ವಯಸ್ಸು. 2024ರ ಜುಲೈ 29ರಂದು ಇಂಗ್ಲೆಂಡಿನ ಸೌತ್‌ಪೋರ್ಟ್‌ನಲ್ಲಿ, ಡ್ಯಾನ್ಸ್ ಕ್ಲಾಸಿಗೆ ಬಂದಿದ್ದ ಮೂವರು ಪುಟ್ಟ ಹುಡುಗಿಯರನ್ನು ಇರಿದು ಕೊಂದಾಗ ಅವನಿಗೆ 18 ತುಂಬಲು ಒಂಬತ್ತೇ ದಿನ ಬಾಕಿ ಇತ್ತು. ಸಾಯುವವರೆಗೂ ಹೊರಗೆ ಬಿಡಬಾರದು ಎನ್ನುವ ಆದೇಶವನ್ನು ಅಲ್ಲಿ 18 ತುಂಬದವರಿಗೆ ಕೊಡುವಂತಿಲ್ಲ. ಹಾಗಾಗಿ 2025ರ ಜನವರಿಯಲ್ಲಿ ಕೋರ್ಟು ಜೀವಾವಧಿ ಶಿಕ್ಷೆ ಕೊಟ್ಟು, ಕನಿಷ್ಠ 52 ವರ್ಷ ಜೈಲಲ್ಲಿರಬೇಕು ಎಂದಿತು. ಅವನು ಹೊರಬರುವ ಸಾಧ್ಯತೆ ತೀರಾ ಕಡಿಮೆ ಎಂದು ಜಡ್ಜ್ ಹೇಳಿದರೂ ಸಿಟ್ಟು ಇಳಿಯಲಿಲ್ಲ. ಆ ಊರಿನ ಸಂಸದರೇ ಶಿಕ್ಷೆ ಸಾಲದು ಎಂದು ಮರುಪರಿಶೀಲನೆ ಕೇಳಿದರು.

ಮಗಳನ್ನು ಕಳೆದುಕೊಂಡವರು ಒಂಬತ್ತು ದಿನದ ಲೆಕ್ಕವನ್ನು ಒಪ್ಪುವುದು ಹೇಗೆ, ಅಲ್ವಾ? ಆದರೂ ಕಾನೂನು ಎಲ್ಲೋ ಒಂದು ಗೆರೆ ಎಳೆಯಲೇಬೇಕು ಅಂತ ನನ್ನ ಅನಿಸಿಕೆ. ಅಟಾರ್ನಿ ಜನರಲ್ ಕಚೇರಿ ಫೆಬ್ರವರಿಯಲ್ಲಿ ಪ್ರಕರಣವನ್ನು ಮೇಲಿನ ಕೋರ್ಟಿಗೆ ಕಳುಹಿಸಲು ಒಪ್ಪಲಿಲ್ಲ.